ಮಲಗಿಸಿಟ್ಟ ಬ್ಯಾಟರಿಗಳು

ಬನಶಂಕರಿ ಎರಡನೇ ಹಂತ,
ಬೆಂಗಳೂರು
೧೯ ಜೂನ್ ೧೯೭೭, ಭಾನುವಾರ

ಪ್ರೀತಿಯ ಮಂಗಳಕ್ಕಾ,

ನೀನು, ಭಾವ, ಪಾಪು ಎಲ್ಲರೂ ಆರೋಗ್ಯವೆಂದು ನಂಬಿದ್ದೇನೆ. ಪಾಪುವಿಗೆ ಹಲ್ಲು ಬರುವಾಗಿನ ಜ್ವರ ಇಳಿಯಿತೇ? ರಾಣೆಬೆನ್ನೂರಿನ ನೀರು ಈಗಲಾದರೂ ನಿನಗೆ ಒಗ್ಗಿತೇ? ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ. ಅಪ್ಪ ಅಂಗಡಿ, ಪೂಜೆ, ರೇಡಿಯೊ ಎಂದು ಇದ್ದಾರೆ. ನನ್ನೊಂದಿಗೆ ಮಾತು ಕಡಿಮೆ. ಇನ್‌ಲ್ಯಾಂಡ್ ಬಿಟ್ಟು ಕವರಿನಲ್ಲಿ ಬರೆಯುತ್ತಿದ್ದೇನೆ. ಅಂಟಿಸಿದ ಮೇಲೆ ಅಂಚಿಗೆ ಅಡ್ಡಲಾಗಿ ಸಹಿ ಹಾಕುತ್ತೇನೆ. ಸಹಿಯ ಗೆರೆ ಕೂಡದಿದ್ದರೆ ದಾರಿಯಲ್ಲಿ ಯಾರೋ ಬಿಚ್ಚಿ ಓದಿದ್ದಾರೆಂದು ಅರ್ಥ, ನನಗೆ ತಿಳಿಸು. ಕಾಲ ಬದಲಾಯಿತು, ಸರ್ಕಾರ ಬದಲಾಯಿತು ಎಂದು ಎಲ್ಲರೂ ಹೇಳುತ್ತಾರೆ. ಬೀದಿಯ ಕೊನೆಯಲ್ಲಿ ನಿಂತು ನಮ್ಮ ಮನೆಗೆ ಬಂದುಹೋಗುವವರನ್ನು ಎಣಿಸುತ್ತಿದ್ದ ಕಾನ್‌ಸ್ಟೇಬಲ್ ಮಾತ್ರ ಅವನೇ.

ಹೋದ ವಾರದ ನಿನ್ನ ಕಾಗದದ ಕೊನೆಯ ಸಾಲು ನನ್ನನ್ನು ಬಿಡುತ್ತಿಲ್ಲ. ‘ನಿನ್ನ ಬ್ಯಾಟರಿ ಪೆಟ್ಟಿಗೆ ತೆಗೆದು ನೋಡಿದೆಯಾ?’ ಎಂದು ಕೇಳಿದ್ದೀಯ. ಯಾಕೆ ಕೇಳಿದೆ? ಹದಿನೆಂಟು ತುಂಬಿದ ವರ್ಷ ಅವೆನ್ಯೂ ರಸ್ತೆಯಲ್ಲಿ ಕೊಂಡ ಒಂದು ಕಿರುಹೊತ್ತಿಗೆ ಓದಿ ನಾನು ಆ ಪೆಟ್ಟಿಗೆಗೆ ಬೀಗ ಹಾಕಿದ್ದು ನಿನಗೆ ನೆನಪಿರಬೇಕು. ಊರಿನ ಅರ್ಧ ಜನಕ್ಕೆ ದೀಪಕ್ಕೆ ಸೀಮೆಎಣ್ಣೆ ಸಿಗದಿರುವಾಗ ಇಪ್ಪತ್ತಮೂರು ಟಾರ್ಚು ಬ್ಯಾಟರಿ ಇಟ್ಟುಕೊಂಡವನು ಕತ್ತಲೆಯ ಪಾಲುದಾರ ಎಂದು ಗೋಡೆಯ ಮೇಲೆ ಬರೆದಿದ್ದೆ. ಹಬ್ಬಕ್ಕೆ ಅಮ್ಮ ಅದರ ಮೇಲೆ ಸುಣ್ಣ ಹೊಡೆಸಿದಳು. ಆಮೇಲೆ ಆ ಪೆಟ್ಟಿಗೆ ತೆಗೆದದ್ದು ಒಂದೇ ಸಲ, ಎರಡು ವರ್ಷದ ಹಿಂದೆ ತುರ್ತು ಪರಿಸ್ಥಿತಿ ಬಂದಾಗ ಮನೆ ಬಿಟ್ಟ ದಿನ. ಅದು ನಿನಗೆ ಗೊತ್ತಿಲ್ಲವೆಂದೇ ಅಂದುಕೊಂಡಿದ್ದೆ. ಅಂದು ಐದು ಸೆಲ್ಲಿನ ಉದ್ದನೆಯ ಬ್ಯಾಟರಿಯ ಹೊಟ್ಟೆಯೊಳಗೆ, ಸೆಲ್ಲಿನ ಬದಲು, ನಮ್ಮ ಓದುಕೂಟದ ಹನ್ನೊಂದು ಜನರ ಹೆಸರು ಮತ್ತು ವಿಳಾಸ ಬರೆದ ಕಾಗದವನ್ನು ಸುತ್ತಿ ಇಟ್ಟು ಹೋಗಿದ್ದೆ. ಸುಟ್ಟುಬಿಡಬೇಕಿತ್ತು, ಕೈ ಬರಲಿಲ್ಲ. ಆ ಪಟ್ಟಿ ಮಾಡುವಾಗಲೇ ಕೋಣನಕುಂಟೆಯ ಯಲ್ಲಯ್ಯ ರೇಗಿದ್ದ: ‘ಹೆಸ್ರು ಬರ್ಕೋಬೇಡ ಗುರು, ನಾವೇನು ನಿನ್ನ ಬ್ಯಾಟರಿ ಸಾಮಾನಾ, ಸಾಲಾಗಿ ಜೋಡ್ಸಿಡಕ್ಕೆ?’

ನಾನು ಹರಿಹರದ ಮುದ್ರಣಾಲಯದಲ್ಲಿ ಬೇರೆ ಹೆಸರಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದಾಗ ಪೊಲೀಸರು ಹಿಡಿದದ್ದು ಆ ಯಲ್ಲಯ್ಯನನ್ನೇ. ಹತ್ತೊಂಬತ್ತು ತಿಂಗಳು ಒಳಗಿದ್ದ. ಕಾರ್ಖಾನೆಯ ಕೆಲಸ ಹೋಯಿತು, ಎಡಗಿವಿ ಕೇಳಿಸುವುದಿಲ್ಲ. ಏಪ್ರಿಲ್‌ನಲ್ಲಿ ನಾನು ಮನೆಗೆ ಬಂದಾಗಿನಿಂದ ಕೇಳಿಕೊಳ್ಳುತ್ತಿರುವುದು ಒಂದೇ, ಹಿಡಿದುಕೊಟ್ಟವರು ಯಾರು?

ನಿನ್ನ ಕಾಗದ ಓದಿ ಪೆಟ್ಟಿಗೆ ತೆಗೆದೆ. ಸೆಲ್ಲುಗಳೆಲ್ಲ ಸೋರಿ, ಹಸಿರು ಕಿಲುಬು ಹತ್ತಿರುತ್ತದೆ ಎಂದುಕೊಂಡಿದ್ದೆ. ನೋಡಿದರೆ ಒಂದೊಂದೂ ಮಿರಿಮಿರಿ ಮಿಂಚುತ್ತಿತ್ತು. ನಿಜ ಹೇಳುತ್ತೇನೆ, ಒಂದು ಗಳಿಗೆ ಪಟ್ಟಿಯೂ ಮರೆತುಹೋಯಿತು. ತಾತನ ತಗ್ಗುಬಿದ್ದ ಹಿತ್ತಾಳೆಯದು, ಕೆಂಪು ಹಸಿರು ಗಾಜಿನ ರೈಲ್ವೆ ಗಾರ್ಡಿನದು, ಜೇಬಿನ ಪೆನ್ನಿನಂಥದ್ದು ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಮುಚ್ಚಳ ತಿರುಗಿಸುವಾಗ ಆಗುವ ಆ ಸಣ್ಣ ಕಿರಿಕಿರಿ ಸದ್ದು ಕೇಳುತ್ತ ಕೂತೆ. ಬಿಟ್ಟೆ ಅಂದುಕೊಂಡದ್ದು ಬೆರಳಿನಲ್ಲೇ ಉಳಿದಿತ್ತು. ಆಮೇಲೆ ಕಂಡದ್ದು ಮುಚ್ಚಳದ ಸುರುಳಿಗೆರೆಗಳಲ್ಲಿ ಸಿಕ್ಕಿಕೊಂಡ ಬಿಳಿ ಪುಡಿ. ಬೆರಳಚ್ಚು ತೆಗೆಯುವ ಪೊಲೀಸ್ ಪುಡಿ! ಕಾಗದಕ್ಕೆ ಉದುರಿಸಿ ಅಮ್ಮನಿಗೆ ತೋರಿಸಿದರೆ ಅಮ್ಮ ಬಿದ್ದು ಬಿದ್ದು ನಕ್ಕಳು. ‘ಯಾವ ಪೊಲೀಸೋ, ವಿಭೂತಿ ಕಣೋ ಅದು! ನಿಮ್ಮಕ್ಕ ಬೆಳ್ಳಿ ಸಾಮಾನೆಲ್ಲ ಅದ್ರಲ್ಲೇ ತಾನೆ ಉಜ್ತಿದ್ದದ್ದು?’ ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಉದ್ದನೆಯ ಬ್ಯಾಟರಿ ಬಿಚ್ಚಿದೆ. ಪಟ್ಟಿ ಇರಲಿಲ್ಲ. ಅದರ ಜಾಗದಲ್ಲಿ ಐದು ಸೆಲ್ಲುಗಳಿದ್ದವು.

ನಾನು ಮೊದಲು ಸಂಶಯಪಟ್ಟದ್ದು ಕರಿಬಸವಯ್ಯ ಚಿಕ್ಕಪ್ಪನನ್ನು. ನಾನು ಹೋದ ಎರಡೇ ತಿಂಗಳಿಗೆ ಅವರಿಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿತು. ‘ಈಗ ರೈಲು ಟೈಮಿಗೆ ಸರಿಯಾಗಿ ಬರ್ತವೆ ಕಣಯ್ಯ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವರು ಅವರು. ನಾಲ್ಕು ದಿನ ಅವರ ಮುಖ ನೋಡಿ ಮಾತಾಡಲಿಲ್ಲ. ಗುರುವಾರ ಸಂಜೆ ಅವರು ಮನೆಗೆ ಬಂದಿದ್ದಾಗ ಕರೆಂಟು ಹೋಯಿತು. ಚಿಕ್ಕಪ್ಪ ಚಾಪೆಯ ಮೇಲಿದ್ದ ಒಂದನ್ನು ಎತ್ತಿಕೊಂಡು ಗುಂಡಿ ಒತ್ತಿದರು, ಅಲ್ಲಾಡಿಸಿದರು, ತೊಡೆಗೆ ಬಡಿದರು. ಹತ್ತಲಿಲ್ಲ. ಇನ್ನೊಂದು ತೆಗೆದರು, ಅದೂ ಹತ್ತಲಿಲ್ಲ. ‘ಎಲ್ಲಾ ಸತ್ತೋಗಿವೆ, ಗುಜರಿಗೆ ಹಾಕೋ!’ ಎಂದು ಬಿಸಾಕಿದರು. ಅವರು ಹೋದ ಮೇಲೆ ಬಿಚ್ಚಿ ನೋಡಿದೆ. ಕೊನೆಯ ಸೆಲ್ಲು ತಲೆಕೆಳಗಾಗಿತ್ತು. ಸರಿಮಾಡಿ ಹಾಕಿದೆ, ಮಂಕಾಗಿ ಹತ್ತಿತು. ಇಪ್ಪತ್ತೆರಡರಲ್ಲೂ ಹಾಗೇ. ಗಾರ್ಡಿನದು ಮಾತ್ರ ಹಾಗಿರಲಿಲ್ಲ. ಅದರ ಸೆಲ್ಲುಗಳು ನೆಟ್ಟಗೇ ಇದ್ದವು, ಪೂರಾ ಸತ್ತು ಸೋರಿ ಒಳಗೋಡೆಯನ್ನೇ ತಿಂದಿದ್ದವು.

ಅಕ್ಕಾ, ಯಾರಾದರೂ ತಿಳಿಯದೆ ಗುಂಡಿ ಒತ್ತಿದರೂ ಸೆಲ್ಲು ಖರ್ಚಾಗದಿರಲಿ ಎಂದು ಕೊನೆಯದನ್ನು ತಿರುಗಿಸಿ ಹಾಕುವುದಕ್ಕೆ ನಾವು ಒಂದು ಹೆಸರಿಟ್ಟಿದ್ದೆವು. ‘ಬ್ಯಾಟರಿ ಮಲಗ್ಸಿದ್ಯೇನೋ?’ ಎಂದು ದಿನಾ ಕೇಳುತ್ತಿದ್ದವಳು ನೀನು. ಆ ಮಾತು ಈ ಮನೆಯಲ್ಲಿ ನಿನಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಪಟ್ಟಿ ತೆಗೆದು ಸೆಲ್ಲು ಹಾಕಿ ಮಲಗಿಸಿದ್ದು ನೀನೇ. ಭಾವನ ಅಣ್ಣ ಪೊಲೀಸ್ ಇಲಾಖೆಯಲ್ಲಿದ್ದಾರೆ. ಯಲ್ಲಯ್ಯನನ್ನು ಹಿಡಿದದ್ದು ಆಗಸ್ಟಿನಲ್ಲಿ, ನಿನ್ನ ಮದುವೆಯ ಸಂಬಂಧ ಕುದುರಿದ್ದು ದೀಪಾವಳಿಗೆ. ಇವೆರಡನ್ನೂ ಪಕ್ಕಪಕ್ಕ ಇಡಲು ನನಗೆ ಇಷ್ಟವಿಲ್ಲ, ಆದರೆ ಇಟ್ಟು ನೋಡದಿದ್ದರೆ ನಾನು ಓದಿದ್ದೆಲ್ಲ ಸುಳ್ಳು. ತನ್ನವರೆಂದು ಕಣ್ಣು ಮುಚ್ಚಿಕೊಳ್ಳುವವನು ಬೇರೆಯವರನ್ನು ಪ್ರಶ್ನೆ ಕೇಳಬಾರದು. ನೇರವಾಗಿ ಕೇಳುತ್ತೇನೆ. ಆ ಕಾಗದ ಯಾರ ಕೈಗೆ ಕೊಟ್ಟೆ? ಮನೆ ಉಳಿಯಲಿ, ಮದುವೆ ನಡೆಯಲಿ ಎಂದು ಕೊಟ್ಟಿದ್ದರೂ ಹಾಗೆಂದೇ ಬರೆ. ಸುತ್ತಿಬಳಸಿ ಬರೆಯಬೇಡ.

ಭಾವನಿಗೆ ನಮಸ್ಕಾರ. ಪಾಪುವಿಗೆ ಮುತ್ತು. ನಿನಗೆ ಏನು ಹೇಳಬೇಕೋ ಅದು ನಿನ್ನ ಉತ್ತರ ಬಂದ ಮೇಲೆ.

ನಿನ್ನ ತಮ್ಮ,
ಗೌರೀಶಂಕರ

ತಾ.ಕ.: ಸೋಮವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ. ಟಪಾಲು ತೆಗೆಯುವ ಹೊತ್ತಾಯಿತು. ಅಂಟಿಸುವ ಮುಂಚೆ ಯಲ್ಲಯ್ಯನಿಗೆ ಓದಿ ಹೇಳಬೇಕೆಂದು ನಿನ್ನೆ ಮಧ್ಯಾಹ್ನ ಕೋಣನಕುಂಟೆಗೆ ಹೋಗಿದ್ದೆ. ಒಳಗೆ ಕಾಲಿಡುತ್ತಿದ್ದಂತೆ ಅವನ ತಾಯಿ ಮುನಿಯಕ್ಕ, ‘ನಿಮ್ಮಕ್ಕ ಚೆಂದಾಗವ್ಳಾ ಮಗಾ? ಮಗ ಆಯ್ತಾ?’ ಎಂದಳು. ನಿನ್ನನ್ನು ಎಲ್ಲಿ ನೋಡಿದ್ದಳೆಂದು ಕೇಳಿದೆ. ಪೊಲೀಸರು ನಮ್ಮ ಮನೆಗೆ ಬಂದು ಹೋದ ಮಾರನೆಯ ದಿನ ನೀನು ಆ ಪಟ್ಟಿ ಹಿಡಿದು, ಎಚ್ಚರಿಸಲು ಹನ್ನೊಂದು ಮನೆಯನ್ನೂ ಹುಡುಕಿಕೊಂಡು ಹೋದೆಯಂತೆ. ಕೊನೆಯದು ಇವರ ಮನೆಯಂತೆ. ‘ನಮ್ಮನೇ ಒಲೆಗೇ ಆ ಕಾಗ್ದ ಹಾಕಿ, ಪೂರಾ ಬೂದಿ ಆಗೋಗಂಟ ಕುಂತಿದ್ಲು ಕಣಪ್ಪ.’ ಹತ್ತು ಜನ ಊರು ಬಿಟ್ಟರು. ಯಲ್ಲಯ್ಯ ಬಿಡಲಿಲ್ಲ. ‘ಅಮ್ಮಂಗೆ ಚಳಿಜ್ವರ ಗುರು, ಹೆಂಗೆ ಬಿಟ್ಟು ಹೋಗ್ಲಿ? ಯಾರೂ ಹಿಡ್ಕೊಡ್ಲಿಲ್ಲ, ಗೋಡೆಗೆ ಚೀಟಿ ಅಂಟಿಸ್ತಾ ನಾನೇ ಸಿಕ್ಕಾಕ್ಕೊಂಡೆ.’ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ‘ನೀನು ಕೇಳಿದ್ರೆ ತಾನೆ? ಬಂದಾಗ್ಲಿಂದ ನೀನೇ ಹೇಳ್ತಿದೀಯ’ ಎಂದ. ಇನ್ನೊಂದು ಕಿವಿಯನ್ನೂ ಮುಚ್ಚಿ ತೋರಿಸಿ ನಕ್ಕ.

ಮೇಲಿನ ಹಾಳೆಗಳನ್ನು ಹರಿದು ಬೇರೆ ಬರೆಯಬಹುದಿತ್ತು. ಹರಿಯುವುದಿಲ್ಲ. ನಾನು ಏನೆಂದುಕೊಂಡಿದ್ದೆ ಎಂಬುದು ನಿನಗೆ ಗೊತ್ತಿರಬೇಕು. ಓದಿದ ಮೇಲೆ ಬೈದು ಬರೆ.

ಆ ದಿನ ಕೊನೇ ಬಸ್ಸು ತಪ್ಪಿಹೋಗಿತ್ತು, ನೀನು ನಡೆದೇ ಹೊರಟೆ ಎಂದಳು ಮುನಿಯಕ್ಕ. ಕೈಯಲ್ಲಿ ಒಂದು ಬ್ಯಾಟರಿ ಇತ್ತಂತೆ, ಸಣ್ಣ ಹುಡುಗರೆಲ್ಲ ಅದರ ಕೆಂಪು ಹಸಿರು ಗಾಜು ನೋಡಲು ಮುತ್ತಿಕೊಂಡಿದ್ದರಂತೆ. ಬೆಳಿಗ್ಗೆ ಅದನ್ನು ಉಜ್ಜಿ ಹೊಸ ಸೆಲ್ಲು ಹಾಕಿದ್ದೇನೆ. ಮಲಗಿಸಿಲ್ಲ.