ಮೂರನೇ ಲೈನಿನ ಕೆಂಪು ಚುಕ್ಕೆಗಳು

ಮಾರ್ಚ್ 4
ಇವತ್ತೂ ಅದೇ. ಸ್ಟಾಪ್‌ವಾಚ್, ಫಾರಂ, ಆರಿದ ಚಹಾ. ಕಾರ್ಖಾನೆಯಲ್ಲಿ ದೊಡ್ಡ ಪಂಪಿನ ಮುಚ್ಚಳ ಮಾಡುತ್ತಿದ್ದ ಲೈನನ್ನು ಸಣ್ಣ ಮುಚ್ಚಳಕ್ಕೆ ಎಷ್ಟು ಸಲೀಸಾಗಿ ಬದಲಿಸುತ್ತಾರೆ — ನೋಡಿ ಮಾರ್ಕು ಹಾಕಬೇಕು. ಹಿಂದೆ ಬಿದ್ದ ಲೈನನ್ನು ಬಿಚ್ಚಿ ಹಾಕುತ್ತಾರೆ. ಹೊಸ ರೋಬೋಟ್ ಲೈನುಗಳು ಎರಡೆರಡು ಗಂಟೆ ತಿಂದವು. ಹಳೆಯ ಮೂರನೆಯದು ಮೂವತ್ತೆಂಟೇ ನಿಮಿಷ! ಅಲ್ಲಿನ ಮೇಸ್ತ್ರಿ ಹರಟುತ್ತಲೇ ಬೋಲ್ಟುಗಳನ್ನು ಬದಲಿಸಿ ಮುಗಿಸಿದರು. ಪ್ರತಿ ಬೋಲ್ಟಿನ ತೂತಿನ ಪಕ್ಕ ಕೆಂಪು ನೈಲ್ ಪಾಲಿಶ್ ಚುಕ್ಕೆ. ದೊಡ್ಡ ಮುಚ್ಚಳಕ್ಕೆ ಒಂದು, ಸಣ್ಣದಕ್ಕೆ ಎರಡು. ಮೇಸ್ತ್ರಿಯ ಹೆಂಡತಿ ಬಂದು ಇಟ್ಟು ಹೋದದ್ದಂತೆ. ರಿಪೋರ್ಟಿನಲ್ಲಿ ಹೊಗಳಿದೆ: ಇಂಥ ಬಣ್ಣದ ಗುರುತು ಎಲ್ಲ ಲೈನಿಗೂ ಬೇಕು.

ಮಾರ್ಚ್ 11
ಮ್ಯಾನೇಜರಿಗೆ ಖುಷಿಯೋ ಖುಷಿ. ಚುಕ್ಕೆಗಳನ್ನು ಕೆರೆಸಿ, ನೀಟಾದ ಬಣ್ಣದ ಸ್ಟಿಕರ್ ಅಂಟಿಸಿದ್ದಾರೆ. ನನ್ನ ಐಡಿಯಾ ಎಂದು ಬೀಗಿದೆ.

ಮಾರ್ಚ್ 13, ಮಧ್ಯಾಹ್ನ
ಮೂರನೆಯದಕ್ಕೆ ಮರುಪರೀಕ್ಷೆ. ಎರಡು ಗಂಟೆ ಹತ್ತು ನಿಮಿಷ. ಹರಟೆಯಿಲ್ಲ. ಮೇಸ್ತ್ರಿಯ ಬೆರಳು ಸ್ಟಿಕರ್ ಮೇಲೆ ಜಾರಿ ಜಾರಿ... ಸೋಮವಾರದ ಕೊನೆಯ ಪರೀಕ್ಷೆಯಲ್ಲೂ ಹೀಗಾದರೆ ಲೈನ್ ಗುಜರಿಗೆ, ಮೇಸ್ತ್ರಿ ಮನೆಗೆ.
ಕ್ಯಾಂಟೀನಿನಲ್ಲಿ ಅವರ ಪಕ್ಕ ಹೋಗಿ ಕೂತೆ. ಲೋಟ ಸರಿಸಿ ಮೆಲ್ಲಗೆ ಹೇಳಿದರು.
“ಎರಡು ವರ್ಷದಿಂದ ಕಣ್ಣು ಮಂಜು ಮಂಜು, ಮೇಡಂ. ಆ ಚುಕ್ಕೆ ನೋಡೋಕಲ್ಲ, ಮುಟ್ಟೋಕೆ ಇಡ್ಸಿದ್ದು. ಯಾರಿಗೂ ಹೇಳ್ಬೇಡಿ.”
ಹೊಗಳಲು ಹೋಗಿ ಅವರ ಹೊಟ್ಟೆಯ ಮೇಲೆ ಹೊಡೆದೆನಲ್ಲ.

ಮಾರ್ಚ್ 15, ಭಾನುವಾರ
ಮೇಸ್ತ್ರಿಯನ್ನು ಕರೆದುಕೊಂಡು, ಕೆಂಪು ನೈಲ್ ಪಾಲಿಶ್ ಬಾಟಲಿ ಹಿಡಿದು ಕಾರ್ಖಾನೆಗೆ ಹೋದೆ. ಪರೀಕ್ಷೆಯ ತಯಾರಿ ಎಂದೆ, ಗೇಟಿನವನು ಬಿಟ್ಟ. ಮೇಸ್ತ್ರಿ ಜಾಗ ತೋರಿಸಿದರು, ನಾನು ಚುಕ್ಕೆ ಇಟ್ಟೆ. ಒಣಗಿದ ಮೇಲೆ ಒಂದೊಂದನ್ನೂ ಸವರಿದರು.
“ನಮ್ಮನೆಯವಳ ಚುಕ್ಕೆ ಗುಂಡಗಿರುತ್ತೆ. ನಿಮ್ದು ಸೊಟ್ಟ.”
ಹನ್ನೊಂದನ್ನು ಕೆರೆದು ಮತ್ತೆ ಇಡಿಸಿದರು. ಅವರಿಂದ ಬೈಸಿಕೊಂಡು ಎಷ್ಟು ಹಗುರವಾಯಿತು!

ಮಾರ್ಚ್ 16
ಲೈನಿಗೆ ಹೊಸಬರಾದವರೂ ಒಮ್ಮೆ ಬೋಲ್ಟು ಬದಲಿಸಿ ನೋಡಬೇಕು — ಈ ನಿಯಮ ಫಾರಂನಲ್ಲೇ ಇದೆ. ಲೈನ್ ಆಫ್ ಮಾಡಿಸಿ, ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ನಾನೇ ನಿಂತೆ. ಮ್ಯಾನೇಜರ್ ನಕ್ಕರು. ತಡವುತ್ತ, ತಡವುತ್ತ... ಐವತ್ತೊಂದು ನಿಮಿಷ. ನಗು ನಿಂತಿತು. ಆಮೇಲೆ ಮೇಸ್ತ್ರಿ, ಮೂವತ್ತಾರು. ಅವರಿಗೆ ಕರವಸ್ತ್ರ ಕಟ್ಟಲಿಲ್ಲ. ಯಾಕೆಂದು ನಮ್ಮಿಬ್ಬರಿಗೇ ಗೊತ್ತು.
ಲೈನ್ ಉಳಿಯಿತು. ಉಳಿದ ಲೈನುಗಳಿಗೂ ಚುಕ್ಕೆ ಬೇಕಂತೆ, ಮೇಸ್ತ್ರಿಯೇ ಕಲಿಸಬೇಕಂತೆ.
ಫಾರಂನ ಕೊನೆಯ ಖಾನೆ: ಬೇಕಾದ ವಿಶೇಷ ಸಲಕರಣೆ. ಬರೆದೆ — ಕೆಂಪು ನೈಲ್ ಪಾಲಿಶ್, ಒಂದು ಬಾಟಲಿ. ಹಚ್ಚುವವರು, ಮೇಸ್ತ್ರಿಯ ಹೆಂಡತಿ. ಏಕೆಂದರೆ ನನ್ನ ಚುಕ್ಕೆ —