ಒಂದೇ ಬೆಂಚು

ಟೀಚರಮ್ಮ,

ದಿನಾ ಎದುರಿಗೇ ಸಿಗುವವರಿಗೆ ಕಾಗದ ಬರೆಯುವುದು ಎಂಥ ಹುಚ್ಚು! ಜಾಗ ಬದಲಾಗಬೇಕಾದರೆ ಬರೆದುಕೊಡಿ ಎಂದಿರಿ, ಬರೆದಿದ್ದೇನೆ. ಉಳಿ ಹಿಡಿದ ಕೈ, ಅಕ್ಷರ ಸೊಟ್ಟಗಿದ್ದರೂ ಓದಿಕೊಳ್ಳಿ.

ಮೊನ್ನೆ ಇಂಗ್ಲಿಷ್ ಪಾಠದಲ್ಲಿ ನಾನು ಕೂಗಾಡಿದ್ದು ನಿಜ. ‘ಎವ್ರಿಬಡಿ’ ಎಂದರೆ ಎಲ್ಲರೂ. ಅಷ್ಟು ಜನಕ್ಕೆ ‘ಆರ್’ ಬಿಟ್ಟು, ಒಬ್ಬನಿಗೆ ಹಾಕುವ ‘ಈಸ್’ ಹಾಕಿ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಪಕ್ಕದಲ್ಲಿದ್ದ ನನ್ನವಳು, “ರೀ, ಅದು ಅವರ ಭಾಷೆ. ಬೇಕಾದ ಹಾಗೆ ಕುಯ್ಯೋಕೆ ನಿಮ್ಮ ಹಲಗೆ ಅಲ್ಲ,” ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನೀವು ಅವಳನ್ನು ಮುಂದಿನ ಸಾಲಿಗೆ ಕಳಿಸಿಬಿಟ್ಟಿರಿ.

ಹಾಳಾಗಲಿ, ‘ಈಸ್’ ಒಪ್ಪಿದ್ದೇನೆ. ಅವಳನ್ನು ವಾಪಸು ಕಳಿಸಿ. ಮದುವೆಯಾದಾಗಿನಿಂದ ಅವಳು ಅಡುಗೆಮನೆಯಲ್ಲಿ, ನಾನು ಮರಗೆಲಸದ ಷೆಡ್ಡಿನಲ್ಲಿ. ಪಕ್ಕಪಕ್ಕ ಕೂತು ಒಂದೇ ಕೆಲಸ ಮಾಡಿದ್ದು ನಿಮ್ಮ ಸಂಜೆ ತರಗತಿಯಲ್ಲೇ. ನಾನು ಕೇಳಿದೆನೆಂದು ಅವಳಿಗೆ ಹೇಳಬೇಡಿ, ತಲೆ ಮೇಲೆ ಕೂರುತ್ತಾಳೆ.

ನಾವಿಬ್ಬರೂ ಕೂರುತ್ತಿದ್ದ ಬೆಂಚಿನ ಅಲ್ಲಾಡುವ ಕಾಲನ್ನು ನಿನ್ನೆ ಬಿಗಿ ಮಾಡಿದ್ದೇನೆ. ಇಬ್ಬರ ಭಾರ ಧಾರಾಳವಾಗಿ ತಡೆಯುತ್ತದೆ.

ಹತ್ತನೇ ತಾರೀಖಿಗೆ ಹೊಸ ಪಾಠ ಶುರು ಎಂದಿದ್ದೀರಿ, ಅದರೊಳಗೆ ಉತ್ತರ ಬೇಕು.

ಇತಿ,
ಹಿಂದಿನ ಬೆಂಚಿನ ಬಡಗಿ