ನಿನ್ನ ಡೈರೆಕ್ಟರಿ ನನ್ನ ಹೆಸರಿನಲ್ಲಿದೆ

ಬಾಲಿಗಂಜ್, ಕೋಲ್ಕತ್ತ
ನವೆಂಬರ್ ೨೦೦೪

ಪ್ರೀತಿಯ ಅಶ್ವಿತಾ,

ಆಪರೇಷನ್ನಿನ ಗಾಯ ಮಾಗಿತೇ? ಊಟ ಸೇರುತ್ತಿದೆಯೇ?

ಸರ್ವರ್‌ನಲ್ಲಿ ಜಾಗ ಸಾಲದೆಂದು, ದೀರ್ಘ ರಜೆಯಲ್ಲಿರುವವರ ಅಕೌಂಟನ್ನೂ ಫೈಲುಗಳಿರುವ ಹೋಂ ಡೈರೆಕ್ಟರಿಯನ್ನೂ ಅಳಿಸಲು ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ನನಗೆ ಹೇಳಿದರು. “ಸರೋಜಿನಿ ದೀದಿ, ಆ ಹುಡುಗಿ ಇನ್ನೆಲ್ಲಿ ಬರ್ತಾಳೆ?” ಎಂದರು ಮ್ಯಾನೇಜರ್. ನಾನು ನಿನ್ನ ಅಕೌಂಟ್ ಮಾತ್ರ ತೆಗೆದು, ಅರ್ಧಕ್ಕೆ ನಿಂತ ಪ್ರೋಗ್ರಾಂ ಸಮೇತ ಫೈಲುಗಳನ್ನೆಲ್ಲ ನನ್ನ ಹೆಸರಿಗೆ ಮಾಡಿಕೊಂಡೆ. ಅದರಿಂದ ಸರ್ವರ್‌ನಲ್ಲಿ ನನಗಿರುವ ಜಾಗದ ಕೋಟಾ ಮೀರಿತು. ನನ್ನ ಹಳೆಯ ಮೇಲ್‌ಗಳನ್ನು ಅಳಿಸಿ ಜಾಗ ಮಾಡಿದೆ. ಮಾಡಿದ್ದು ಸರಿಯೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ನೀನು ಕೆಲಸಕ್ಕೆ ಮರಳಲು ಡಾಕ್ಟರು ಒಪ್ಪಿದೊಡನೆ ತಿಳಿಸು. ಟಾಲಿಗಂಜ್‌ನ ನಿನ್ನ ಮನೆಗೆ ನಾನೇ ಟ್ಯಾಕ್ಸಿ ತರುತ್ತೇನೆ, ಮೆಟ್ರೋ ನೂಕುನುಗ್ಗಲು ಬೇಡ. ನಿನಗೆ ಹೊಸ ಅಕೌಂಟ್ ತೆರೆದಿಡುತ್ತೇನೆ; ಆಮೇಲೆ ಫೈಲುಗಳನ್ನು ನಿನ್ನ ಹೆಸರಿಗೆ ಮರಳಿಸಲು ಒಂದೇ ಸಾಲಿನ ಕಮಾಂಡ್ ಸಾಕು. ನಾನು ಟೈಪ್ ಮಾಡುತ್ತೇನೆ. ಎಂಟರ್ ನೀನೇ ಒತ್ತಬೇಕು.

ನಿನ್ನ
ಸರೋಜಿನಿ ಅಕ್ಕ